ಕಿವಿ ನಂದಿಸುವ ಜ್ವರ: ಹಂದಿ ಸಾಕುವವರು, ಕಡಿಯುವವರು, ಅಡುಗೆ ಮಾಡುವವರು ಏನು ಮಾಡಬೇಕು

ಥಾಯ್ಲೆಂಡ್‌ನಲ್ಲಿ ಈ ಕಾಯಿಲೆಯನ್ನು 'ಖೈ ಹೂ ದಪ್' ಅಂತ ಕರೆಯುತ್ತಾರೆ. ಖೈ ಅಂದರೆ ಜ್ವರ, ಹೂ ಅಂದರೆ ಕಿವಿ. ದಪ್ ಅಂದರೆ ದೀಪ ನಂದಿಹೋಗುವುದು. ಕಿವಿ ನಂದಿಹೋಗುವ ಜ್ವರ! ವೈದ್ಯರ ಪುಸ್ತಕದಲ್ಲಿರುವ ಉದ್ದನೆಯ ಹೆಸರಿಗಿಂತ ಈ ಹೆಸರೇ ನನಗೆ ಜಾಸ್ತಿ ಇಷ್ಟ. ಏನಾಗುತ್ತದೆ ಅನ್ನುವುದನ್ನು ಹೆಸರೇ ಹೇಳಿಬಿಡುತ್ತದೆ. ಜ್ವರ ಬರುತ್ತದೆ, ತಲೆ ಸಿಡಿಯುತ್ತದೆ, ಒಂದೆರಡು ದಿನದಲ್ಲಿ ಕಿವಿ ಕೇಳುವುದು ನಿಲ್ಲುತ್ತದೆ. ಜೀವ ಉಳಿದರೂ ಎಷ್ಟೋ ಜನರಿಗೆ ಕಿವಿ ವಾಪಸ್ ಬರುವುದಿಲ್ಲ.

ಇದರ ಹಿಂದಿರುವ ಬ್ಯಾಕ್ಟೀರಿಯಾದ ಹೆಸರು ಸ್ಟ್ರೆಪ್ಟೋಕಾಕಸ್ ಸೂಯಿಸ್. ಸೂಯಿಸ್ ಅಂದರೆ ಲ್ಯಾಟಿನ್‌ನಲ್ಲಿ 'ಹಂದಿಯ' ಅಂತ ಅರ್ಥ. ಇದು ಹಂದಿಯ ಗಂಟಲಲ್ಲಿ, ಮೂಗಿನಲ್ಲಿ ಮನೆ ಮಾಡಿಕೊಂಡಿರುತ್ತದೆ. ಹಂದಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ನಮ್ಮ ಕೈಯಲ್ಲಿ ಒಂದು ಗಾಯ ಇದ್ದು, ಅದಕ್ಕೆ ಹಸಿ ರಕ್ತವೋ ಮಾಂಸವೋ ತಗುಲಿದರೆ ಅದು ನಮ್ಮ ರಕ್ತಕ್ಕೆ ಇಳಿಯಬಹುದು. ಹಸಿ ರಕ್ತ, ಅರೆಬೆಂದ ಮಾಂಸ ತಿಂದರೂ ಇಳಿಯಬಹುದು. ರಕ್ತದಿಂದ ಮೆದುಳನ್ನು ಸುತ್ತಿರುವ ಪೊರೆಗೆ ಹೋದರೆ ಅದೇ ಮೆನಿಂಜೈಟಿಸ್.

ಮನುಷ್ಯರಲ್ಲಿ ಇದನ್ನು ಮೊದಲು ಗುರುತಿಸಿ ವರದಿ ಮಾಡಿದ್ದು 1968ರಲ್ಲಿ, ಡೆನ್ಮಾರ್ಕ್‌ನಲ್ಲಿ. 2012ರ ಕೊನೆಯವರೆಗೆ ಪ್ರಪಂಚದಲ್ಲೆಲ್ಲ ವರದಿಯಾದ ಪ್ರಕರಣಗಳನ್ನು ಒಟ್ಟು ಹಾಕಿದಾಗ 1,584 ಸಿಕ್ಕವು. ಅದರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಥಾಯ್ಲೆಂಡ್, ವಿಯೆಟ್ನಾಂ, ಚೀನಾ ಈ ಮೂರೇ ದೇಶಗಳಿಂದ ಬಂದಿದ್ದವು. ಅಂದರೆ ಅಪರೂಪದ ಕಾಯಿಲೆ. ನಾಳೆ ಬೆಳಿಗ್ಗೆಯಿಂದ ಹಂದಿ ಮಾಂಸ ಬಿಡಿ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮ ಮನೆಯಲ್ಲೂ ಮಾಡುತ್ತೇವೆ, ನಾನೇ ತೊಳೆಯುತ್ತೇನೆ. ಆದರೆ ಕೊಡಗು, ಮಲೆನಾಡು, ಮಂಗಳೂರು ಕಡೆ ಹಬ್ಬ-ಮದುವೆಗೆ ಮನೆ ಹಿತ್ತಲಲ್ಲೇ ಹಂದಿ ಕಡಿಯುವ ರೂಢಿ ಇದೆ. ಸಾಕುವವರೂ ಇದ್ದಾರೆ. ಆ ಕೆಲಸದಲ್ಲಿ ಕೈ ಹಾಕುವವರಿಗೆ ನಾಲ್ಕು ಮಾತು ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಶುರುವಿಗೆ ಮುಂಚೆ: ಬೇರೆ ಕಾಯಿಲೆಗಳ ಜೊತೆ ಗೊಂದಲ ಬೇಡ

ನಮ್ಮಲ್ಲಿ 'ಹಂದಿ' ಮತ್ತು 'ಮೆದುಳು ಜ್ವರ' ಒಟ್ಟಿಗೆ ಕೇಳಿದರೆ ನೆನಪಾಗುವುದು ಜಪಾನೀಸ್ ಎನ್ಸೆಫಲೈಟಿಸ್. ಅದು ವೈರಸ್. ಹಂದಿಯ ಮೈಯಲ್ಲಿ ಬೆಳೆಯುತ್ತದೆ ನಿಜ, ಆದರೆ ನಮಗೆ ತಂದು ಕೊಡುವುದು ಗದ್ದೆ ನೀರಿನಲ್ಲಿ ಮರಿ ಮಾಡುವ ಕ್ಯುಲೆಕ್ಸ್ ಸೊಳ್ಳೆ. ಹಂದಿಯನ್ನು ಮುಟ್ಟಿದರೆ ಬರುವುದಿಲ್ಲ. ಅದಕ್ಕೆ ಲಸಿಕೆ ಇದೆ. 2022ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ಮಾಡಿ ಹಾಕಿದ್ದು ಅದೇ ಲಸಿಕೆ. ಆ ಲಸಿಕೆ ಹಾಕಿಸಿಕೊಂಡಿದ್ದರೂ ಈ ಕಿವಿ ಜ್ವರಕ್ಕೆ ಏನೂ ಉಪಯೋಗವಿಲ್ಲ. ಇದಕ್ಕೆ ಮನುಷ್ಯರಿಗೆ ಕೊಡುವ ಲಸಿಕೆ ಇನ್ನೂ ಬಂದಿಲ್ಲ.

ಇನ್ನೊಂದು ಲಾಡಿಹುಳದ ತಾಪತ್ರಯ. ಮೆದುಳಿನಲ್ಲಿ ಹುಳದ ಗೂಡಾಗಿ ಫಿಟ್ಸ್ ಬರುತ್ತದಲ್ಲ, ಅದು. ಅದು ಬರುವುದು ಹುಳದ ಮೊಟ್ಟೆ ಹೊಟ್ಟೆಗೆ ಹೋದಾಗ. ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯಿಂದ ಹಂದಿಯ ಮುಖವನ್ನೇ ನೋಡದವರಿಗೂ ಬರುತ್ತದೆ. 2009ರಲ್ಲಿ ಎಲ್ಲರೂ 'ಹಂದಿ ಜ್ವರ' ಅಂದಿದ್ದು ಫ್ಲೂ. ಅದೂ ಬೇರೆ. ಅಷ್ಟು ಸಾಕು.

ಒಂದು: ನಿಮಗೆ ಎಷ್ಟು ಅಪಾಯ ಅಂತ ನೋಡಿಕೊಳ್ಳಿ

ಅಂಗಡಿಯಿಂದ ಮಾಂಸ ತಂದು ಚೆನ್ನಾಗಿ ಬೇಯಿಸಿ ತಿನ್ನುವವರಿಗೆ ಅಪಾಯ ತೀರಾ ಕಡಿಮೆ. ಅಪಾಯ ಇರುವುದು ಹಸಿ ಹಂದಿಯ ಜೊತೆ ದಿನವೂ ಒಡನಾಡುವವರಿಗೆ. ನೆದರ್ಲೆಂಡ್ಸ್‌ನಲ್ಲಿ 1980ರ ದಶಕದಲ್ಲಿ ಲೆಕ್ಕ ಹಾಕಿದಾಗ ಕಸಾಯಿಖಾನೆ ಕೆಲಸಗಾರರಲ್ಲಿ ಮತ್ತು ಹಂದಿ ಸಾಕುವವರಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೆ ಸುಮಾರು 3 ಮಂದಿಗೆ ಈ ಮೆನಿಂಜೈಟಿಸ್ ಬರುತ್ತಿತ್ತು. ಸಂಖ್ಯೆ ಚಿಕ್ಕದು ಅನ್ನಿಸುತ್ತದೆ. ಆದರೆ ಹಂದಿಯ ಸಹವಾಸವೇ ಇಲ್ಲದವರಿಗೆ ಹೋಲಿಸಿದರೆ ಅದು ಸುಮಾರು 1,500 ಪಟ್ಟು ಜಾಸ್ತಿ.

ಈ ಪಟ್ಟಿಯಲ್ಲಿ ಇನ್ನೂ ಹುಷಾರಾಗಿರಬೇಕಾದವರು ಕೆಲವರಿದ್ದಾರೆ. ಯಾವುದಾದರೂ ಅಪಘಾತದಲ್ಲೋ ಕಾಯಿಲೆಯಲ್ಲೋ ಗುಲ್ಮ (ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್) ತೆಗೆಸಿಕೊಂಡವರು. ದಿನಾ ಕುಡಿಯುವವರು, ಲಿವರ್ ಹಾಳಾದವರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು. ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುತ್ತಿರುವವರು. ಇಂಥವರು ಕಡಿಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವುದೇ ಸರಿ. ಅದರಲ್ಲೂ ಗುಲ್ಮ ಇಲ್ಲದವರಿಗೆ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಚಾಕು ಕೆಳಗಿಡಿ. ಬೆಂದ ಮೇಲೆ ತಟ್ಟೆ ಹಿಡಿದುಕೊಂಡು ಬನ್ನಿ.

ಎರಡು: ಕೆಲಸಕ್ಕೆ ಕೂರುವ ಮುಂಚೆ ಕೈ ನೋಡಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದು ಅಥವಾ ಏಳನೆಯದು.

ಬೆಳಕಿಗೆ ಬಂದು ಎರಡೂ ಕೈ ಚಾಚಿ. ಅಂಗೈ ನೋಡಿ, ಹಿಂದೆ ತಿರುಗಿಸಿ ನೋಡಿ. ದೊಡ್ಡ ಗಾಯ ಯಾರಿಗಾದರೂ ಕಾಣುತ್ತದೆ, ಅದನ್ನು ಹುಡುಕಬೇಕಾಗಿಲ್ಲ. ಹುಡುಕಬೇಕಾದದ್ದು ಸಣ್ಣವು. ಉಗುರಿನ ಪಕ್ಕ ಸಿಪ್ಪೆ ಎದ್ದು ಕಿತ್ತುಕೊಂಡ ಜಾಗ. ಕಾಫಿ ತೋಟದಲ್ಲಿ ಮುಳ್ಳು ತರಚಿದ ಗೆರೆ. ಬೆರಳ ಸಂದಿಯಲ್ಲಿ ನೀರಿಗೆ ಬಿಳುಚಿ ಬಿರಿದ ಚರ್ಮ. ಮೊನ್ನೆ ಹಲಸಿನಕಾಯಿ ಕೊಯ್ಯುವಾಗ ಆದ, ಈಗ ಒಣಗಿದೆ ಅನ್ನಿಸುವ ಗೀರು. ಅನುಮಾನ ಇದ್ದರೆ ಒಂದು ಹೋಳು ನಿಂಬೆ ತೆಗೆದುಕೊಂಡು ಕೈಗೆಲ್ಲ ಸವರಿ. ಎಲ್ಲಿ ಚುರ್ ಅನ್ನುತ್ತದೋ ಅಲ್ಲಿ ಬಾಗಿಲು ತೆರೆದಿದೆ ಅಂತ ಅರ್ಥ. ಇದು ನಮ್ಮಮ್ಮ ಹೇಳಿಕೊಟ್ಟದ್ದು, ಯಾವ ಡಾಕ್ಟರೂ ಅಲ್ಲ. ಆದರೆ ಕೆಲಸಕ್ಕೆ ಬರುತ್ತದೆ.

ಗಾಯ ಸಿಕ್ಕಿದರೆ ಸೋಪು ಹಾಕಿ ತೊಳೆದು, ಒರೆಸಿ, ನೀರು ಇಳಿಯದ ಪ್ಲಾಸ್ಟರ್ ಹಾಕಿ. ಬಟ್ಟೆ ಕಟ್ಟಿದರೆ ಪ್ರಯೋಜನವಿಲ್ಲ, ಅದು ರಕ್ತ ಹೀರಿಕೊಂಡು ಗಾಯದ ಮೇಲೆಯೇ ಕೂರುತ್ತದೆ. ಅದರ ಮೇಲೆ ರಬ್ಬರ್ ಗ್ಲೌಸ್. ಮೆಡಿಕಲ್ ಶಾಪಿನ ತೆಳ್ಳನೆಯ ಗ್ಲೌಸ್ ಮಾಂಸ ತೊಳೆಯಲು ಸಾಕು. ಎಲುಬು ಕಡಿಯುವಾಗ ಹರಿದುಹೋಗುತ್ತದೆ, ಅದಕ್ಕೆ ದಪ್ಪನೆಯದು ಬೇಕು. ಗಾಯ ದೊಡ್ಡದಿದ್ದರೆ ಆ ದಿನ ಒಲೆ ಹತ್ತಿಸುವ ಕೆಲಸ ಮಾಡಿ, ನೀರು ಕಾಯಿಸಿ, ಈರುಳ್ಳಿ ಸುಲಿಯಿರಿ. ಹಂದಿ ಕಡಿಯುವ ಮನೆಯಲ್ಲಿ ಬೇರೆ ಕೆಲಸಕ್ಕೇನು ಬರವೇ?

ಕೆಲಸದ ಮಧ್ಯೆ ಕೈ ಕೊಯ್ದುಕೊಂಡರೆ ನಮ್ಮ ಕಡೆ ಏನು ಮಾಡುತ್ತಾರೆ ಗೊತ್ತಲ್ಲ? ಕಾಫಿ ಪುಡಿ ಒತ್ತುತ್ತಾರೆ. ಇಲ್ಲ ಅರಿಶಿನ. ಎರಡು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದ್ದೆ. ಹೆಬ್ಬೆರಳಿನ ತುದಿ ಕೊಯ್ದಿತ್ತು. ಒಂದು ಚಿಟಿಕೆ ಕಾಫಿ ಪುಡಿ ಒತ್ತಿ ರಕ್ತ ನಿಂತಿತು ಅಂತ ಮತ್ತೆ ಕೂತು ಮೂರು ಕೆ.ಜಿ. ಮಾಂಸ ಹೆಚ್ಚಿದೆ. ಏನೂ ಆಗಲಿಲ್ಲ, ಅದೃಷ್ಟ. ರಕ್ತ ಹೊರಗೆ ಬರುವುದು ನಿಂತರೆ ಬ್ಯಾಕ್ಟೀರಿಯಾ ಒಳಗೆ ಹೋಗುವುದು ನಿಂತಿತು ಅಂತ ಅಲ್ಲ. ಕಾಫಿ ಪುಡಿಯ ಕೆಳಗೆ ಹಂದಿಯ ರಕ್ತವನ್ನೂ ಸೇರಿಸಿ ಮುಚ್ಚಿಟ್ಟ ಹಾಗಾಯಿತು. ಕೊಯ್ದ ಕೂಡಲೇ ಎದ್ದುಬಿಡಿ. ನಲ್ಲಿ ನೀರು ಬಿಟ್ಟು, ಸೋಪು ಹಚ್ಚಿ, ಗಾಯವನ್ನು ತೆರೆದು ಚೆನ್ನಾಗಿ ತೊಳೆಯಿರಿ. ಆಮೇಲೆ ನಂಜುನಿರೋಧಕ ಔಷಧಿ ಹಚ್ಚಿ ಪ್ಲಾಸ್ಟರ್ ಹಾಕಿ. ಆವತ್ತಿಗೆ ಕಡಿಯುವ ಕೆಲಸ ಮುಗಿಯಿತು. ಧನುರ್ವಾಯು ಇಂಜೆಕ್ಷನ್ ತೆಗೆದುಕೊಂಡು ಬಹಳ ವರ್ಷ ಆಗಿದ್ದರೆ ಅದನ್ನೂ ಹಾಕಿಸಿಕೊಳ್ಳಿ. ಆಮೇಲೆ ಕ್ಯಾಲೆಂಡರ್‌ನಲ್ಲಿ ಆ ತಾರೀಕಿಗೆ ಒಂದು ಗುರುತು ಹಾಕಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೂರು: ಕಡಿಯುವಾಗ

ಬ್ಯಾಕ್ಟೀರಿಯಾ ಹಂದಿಯ ಗಂಟಲಲ್ಲಿ ಇರುತ್ತದೆ ಅಂದೆನಲ್ಲ, ಜಾಸ್ತಿ ಇರುವುದು ಅಲ್ಲಿನ ಟಾನ್ಸಿಲ್‌ನಲ್ಲಿ. ಹಾಗಾಗಿ ತಲೆ, ನಾಲಿಗೆ, ಗಂಟಲು, ಶ್ವಾಸಕೋಶ ಬಿಡಿಸುವ ಕೆಲಸ ಅತಿ ಹೆಚ್ಚು ಹುಷಾರಿನದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಬೇರೆ ಚಾಕು, ಬೇರೆ ಮರದ ತುಂಡು ಇರಲಿ. ಮೊದಲು ತಲೆ ಬಿಡಿಸಿ ಅದೇ ಚಾಕುವಿನಲ್ಲಿ ತೊಡೆ ಮಾಂಸ ಹೆಚ್ಚಬೇಡಿ. ಎಲುಬು ಕಡಿಯುವಾಗ ಹನಿ ಹಾರುತ್ತದೆ, ಕಣ್ಣಿಗೂ ಬೀಳುತ್ತದೆ. ಕನ್ನಡಕ ಹಾಕುವವರು ತೆಗೆದಿಡಬೇಡಿ. ಹಾಕದವರು ಒಂದು ಸಾದಾ ಕನ್ನಡಕ ಇಟ್ಟುಕೊಂಡರೆ ತಪ್ಪೇನಿಲ್ಲ.

ನಾನು ನೋಡಿದ ಕಡೆಯಲ್ಲೆಲ್ಲ ದೊಡ್ಡ ತಪ್ಪು ನಡೆಯುವುದು ಚಾಕುವಿನಿಂದ ಅಲ್ಲ, ಬಾಯಿಯಿಂದ. ಅರ್ಧ ಕೆಲಸ ಆದಮೇಲೆ ಒಬ್ಬರು ಬೀಡಿ ಹಚ್ಚುತ್ತಾರೆ. ಇನ್ನೊಬ್ಬರು ಎಲೆಗೆ ಸುಣ್ಣ ಸವರಿ ಅಡಿಕೆ ಹಾಕಿಕೊಳ್ಳುತ್ತಾರೆ. ಕೈ ತೊಳೆಯಲ್ಲ, ಲುಂಗಿಗೆ ಒರೆಸಿಕೊಂಡರೆ ಆಯಿತು ಅಂದುಕೊಳ್ಳುತ್ತಾರೆ. ಮಧ್ಯೆ ಫೋನ್ ಬರುತ್ತದೆ, ಅದೇ ಕೈಯಲ್ಲಿ ಎತ್ತಿ ಕೆನ್ನೆಗಿಡುತ್ತಾರೆ. ಆ ಫೋನ್ ಆಮೇಲೆ ಮಗುವಿನ ಕೈಗೆ ಹೋಗುತ್ತದೆ. ಕಡಿಯಲು ಕೂತರೆ ಫೋನ್ ಒಳಗಿರಲಿ. ಬೀಡಿ, ಕವಳ, ಕಾಫಿ ಏನೇ ಇದ್ದರೂ ಎದ್ದು ಸೋಪಿನಲ್ಲಿ ಕೈ ತೊಳೆದ ಮೇಲೆ.

ಮುಗಿದ ಮೇಲೆ ಚಾಕು, ಮರದ ತುಂಡು, ನೆಲ ಎಲ್ಲವನ್ನೂ ಮೊದಲು ಸೋಪು ನೀರಿನಲ್ಲಿ ಉಜ್ಜಿ, ಆಮೇಲೆ ಬ್ಲೀಚಿಂಗ್ ನೀರು ಹಾಕಿ. ಕ್ರಮ ಮುಖ್ಯ. ಕೊಬ್ಬು, ರಕ್ತ ಅಂಟಿರುವಾಗಲೇ ಬ್ಲೀಚಿಂಗ್ ಸುರಿದರೆ ಅದು ಕೊಳೆಯ ಮೇಲೆಯೇ ಖರ್ಚಾಗುತ್ತದೆ. ಈ ಬ್ಯಾಕ್ಟೀರಿಯಾ ಅಷ್ಟೇನೂ ಹಟಮಾರಿ ಅಲ್ಲ. ಸಾಮಾನ್ಯ ಸೋಂಕುನಿವಾರಕಕ್ಕೆ ಬೇಗ ಸಾಯುತ್ತದೆ. 60 ಡಿಗ್ರಿ ಬಿಸಿಯಲ್ಲಿ ಹತ್ತು ನಿಮಿಷಕ್ಕೆ ಸಾಯುತ್ತದೆ.

ನಾಲ್ಕು: ತಾನಾಗಿ ಸತ್ತ ಹಂದಿಯನ್ನು ಕಡಿಯಬೇಡಿ

2005ರ ಬೇಸಿಗೆಯಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಏನಾಯಿತು ಅಂತ ಸ್ವಲ್ಪ ಹೇಳಬೇಕು. ಮನೆ ಹಿತ್ತಲಲ್ಲಿ ಒಂದೆರಡು ಹಂದಿ ಸಾಕಿಕೊಂಡಿದ್ದ ರೈತರು. ಹಂದಿಗೆ ಕಾಯಿಲೆ ಬಂತು, ಕೆಲವು ಸತ್ತವು. ವರ್ಷವಿಡೀ ಮೇವು ಹಾಕಿ ಬೆಳೆಸಿದ ಪ್ರಾಣಿ, ದುಡ್ಡು ಮಣ್ಣುಪಾಲಾಗುತ್ತದಲ್ಲ ಅಂತ ಅವರೇ ಕಡಿದರು. ಒಟ್ಟು 215 ಮಂದಿಗೆ ಸೋಂಕು ತಗುಲಿತು, 38 ಮಂದಿ ಸತ್ತರು. ಕಾಯಿಲೆ ಬಿದ್ದವರು ಸತ್ತ ಅಥವಾ ಕಾಯಿಲೆಯ ಹಂದಿಯನ್ನು ನೇರವಾಗಿ ಮುಟ್ಟಿದವರೇ. ಒಬ್ಬರಿಂದ ಒಬ್ಬರಿಗೆ ಹರಡಿದ್ದಲ್ಲ. ಅದಕ್ಕೂ ಮುಂಚೆ 1998ರಲ್ಲಿ ಜಿಯಾಂಗ್ಸು ಪ್ರಾಂತ್ಯದಲ್ಲೂ ಹೀಗೇ ಆಗಿತ್ತು. ಅಲ್ಲಿ 25 ಮಂದಿಯಲ್ಲಿ 14 ಮಂದಿ ಉಳಿಯಲಿಲ್ಲ.

ಆ ರೈತರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ನಮ್ಮಲ್ಲೂ ಹಾಗೇ ಯೋಚಿಸುತ್ತಾರೆ. ನಿನ್ನೆ ಸಂಜೆ ಚೆನ್ನಾಗಿತ್ತು, ಬೆಳಿಗ್ಗೆ ಬಿದ್ದಿದೆ, ಮೈ ಇನ್ನೂ ಬೆಚ್ಚಗಿದೆ, ಕಡಿದರೆ ಮಾರಬಹುದು. 2020ರಿಂದ ಭಾರತಕ್ಕೆ ಆಫ್ರಿಕನ್ ಹಂದಿ ಜ್ವರ ಬೇರೆ ಬಂದಿದೆ. ಅದು ಮನುಷ್ಯರಿಗೆ ಬರುವುದಿಲ್ಲ, ಇದು ಖಂಡಿತ. ಆ ಧೈರ್ಯದಲ್ಲಿ ಸತ್ತ ಹಂದಿ ಕಡಿಯುವವರೂ ಇದ್ದಾರೆ. ಆದರೆ ಹಂದಿ ಯಾವುದರಿಂದ ಸತ್ತಿತು ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಬೇರೆ ವೈರಸ್ ಬಂದು ಸೊರಗಿದ ಹಂದಿಯಲ್ಲಿ ಈ ಬ್ಯಾಕ್ಟೀರಿಯಾ ಇನ್ನೂ ಜೋರಾಗುತ್ತದೆ.

ಕಡಿಯಬೇಡಿ, ಮಾರಬೇಡಿ, ನಾಯಿಗೆ ಹಾಕಬೇಡಿ, ಹೊಳೆಗೆ ಬಿಡಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲ 1962ಕ್ಕೆ ಫೋನ್ ಮಾಡಿ. ಅವರು ಹೇಳಿದ ಹಾಗೆ ಬಾವಿ, ತೋಡಿನಿಂದ ದೂರ ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಎಳೆದುಕೊಂಡು ಹೋಗುವಾಗಲೂ ಗ್ಲೌಸ್ ಬೇಕು.

ಐದು: ಸಾಕುವವರು ದೊಡ್ಡಿಯಲ್ಲಿ ಏನು ನೋಡಬೇಕು

ಹಂದಿಗಳಲ್ಲಿ ಇದು ಜಾಸ್ತಿ ಕಾಡುವುದು ತಾಯಿಯಿಂದ ಬಿಡಿಸಿದ ಮರಿಗಳನ್ನು. ಮರಿ ಒಂದು ಪಕ್ಕಕ್ಕೆ ಬಿದ್ದುಕೊಂಡು ಸೈಕಲ್ ತುಳಿದ ಹಾಗೆ ಕಾಲು ಆಡಿಸುತ್ತಿದ್ದರೆ ಅದು ಮೆದುಳಿನ ತೊಂದರೆ. ಕಾಲಿನ ಗಿಣ್ಣು ಊದಿಕೊಂಡು ಕುಂಟುವುದು, ನಡುಗುವುದು, ತೂರಾಡುವುದು, ಏನೂ ಇಲ್ಲದೆ ಸಾಯುವುದು ಇವೂ ಲಕ್ಷಣಗಳೇ. ಅಂಥ ಮರಿಯನ್ನು ಬೇರೆ ಕಡೆ ಇಟ್ಟು ಪಶುವೈದ್ಯರನ್ನು ಕರೆಸಿ. ಇಕ್ಕಟ್ಟು, ಗಾಳಿಯಿಲ್ಲದ ದೊಡ್ಡಿ, ಬೇರೆ ಬೇರೆ ವಯಸ್ಸಿನ ಮರಿಗಳನ್ನು ಒಟ್ಟಿಗೆ ತುಂಬುವುದು ಇವೆಲ್ಲ ಕಾಯಿಲೆಗೆ ಸೊಪ್ಪು ಹಾಕಿದ ಹಾಗೆ. ದೊಡ್ಡಿಗೆ ಹೋಗುವಾಗ ಗಂಬೂಟ್ ಹಾಕಿ. ಬರಿಗಾಲಲ್ಲಿ ಹೋಗಿ ಹಿಮ್ಮಡಿಯ ಬಿರುಕಿಗೆ ಸಗಣಿ ಮೆತ್ತಿಕೊಂಡು ಬರಬೇಡಿ. ಹಂದಿ ಕಚ್ಚಿದರೂ ಗಾಯವೇ, ಅದಕ್ಕೂ ಮೇಲೆ ಹೇಳಿದ್ದೇ ಉಪಚಾರ.

ಆರು: ಅಡುಗೆಮನೆ, ಮತ್ತೆ ಪ್ರವಾಸ

ಇಲ್ಲಿ ಜಾಸ್ತಿ ಹೇಳುವುದಕ್ಕಿಲ್ಲ. ಒಳಗಿನವರೆಗೂ 70 ಡಿಗ್ರಿ ಬಿಸಿ ತಲುಪಿದರೆ, ಮಾಂಸದಲ್ಲಿ ಕೆಂಪು ನೀರು ಉಳಿಯದಿದ್ದರೆ ಭಯವಿಲ್ಲ. ನಮ್ಮ ಪಂದಿ ಕರಿ ಗಂಟೆಗಟ್ಟಲೆ ಒಲೆಯ ಮೇಲೆ ಕೂರುವ ಪದಾರ್ಥ. ಅದರಲ್ಲಿ ಈ ಬ್ಯಾಕ್ಟೀರಿಯಾ ಬದುಕಿದರೆ ಅದಕ್ಕೊಂದು ಸನ್ಮಾನ ಮಾಡಬೇಕು. ತೊಂದರೆ ಇರುವುದು ಎರಡೇ ಕಡೆ. ಉಪ್ಪು ಸರಿ ಇದೆಯಾ ನೋಡಲು ಹಸಿ ಮಾಂಸಕ್ಕೆ ಕಲೆಸಿದ ಮಸಾಲೆಯನ್ನು ಬೆರಳಲ್ಲಿ ನೆಕ್ಕುವ ಅಭ್ಯಾಸ ಒಂದು. ಇನ್ನೊಂದು, ಹಸಿ ಮಾಂಸ ಹೆಚ್ಚಿದ ಮಣೆಯಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚುವುದು. ಎರಡನ್ನೂ ಬಿಟ್ಟುಬಿಡಿ. ಫ್ರಿಜ್ಜಿನ ತಂಪಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕಾಚಂಪುಳಿಯ ಹುಳಿಯನ್ನೂ ನಂಬಬೇಡಿ, ಕೊಲ್ಲುವುದು ಬೆಂಕಿ.

ಈಗ ನಮ್ಮ ಜನ ವಿಯೆಟ್ನಾಂ, ಥಾಯ್ಲೆಂಡ್‌ಗೆ ಪ್ರವಾಸ ಹೋಗುವುದು ಜಾಸ್ತಿ ಆಗಿದೆ. ಅಲ್ಲಿ ಎರಡು ಮೂರು ಹೆಸರು ನೆನಪಿರಲಿ. ವಿಯೆಟ್ನಾಂನಲ್ಲಿ 'ತಿಯೆತ್ ಕಾನ್' ಅಂತ ಒಂದು ಪದಾರ್ಥ ಇದೆ. ಹಸಿ ರಕ್ತವನ್ನು ಮೊಸರಿನ ಹಾಗೆ ಹೆಪ್ಪುಗಟ್ಟಿಸಿ, ಮೇಲೆ ಹುರಿದ ಕಡಲೆಕಾಯಿ, ಸೊಪ್ಪು ಉದುರಿಸಿ ಕೊಡುತ್ತಾರೆ. ಬಾತುಕೋಳಿಯದೂ ಇರುತ್ತದೆ, ಹಂದಿಯದೂ ಇರುತ್ತದೆ. ಉತ್ತರ ಥಾಯ್ಲೆಂಡ್‌ನಲ್ಲಿ 'ಲೂ' ಅಂದರೆ ಹಸಿ ರಕ್ತದ್ದು, 'ಲಾಬ್ ದಿಪ್' ಅಂದರೆ ಕೊಚ್ಚಿದ ಹಸಿ ಮಾಂಸದ್ದು. 'ದಿಪ್' ಅಂದರೆ ಹಸಿ. ಬೇಯಿಸಿದ ಲಾಬ್ ಕೂಡ ಸಿಗುತ್ತದೆ, ಅದನ್ನು ಕೇಳಿ ತಿನ್ನಿ. ನಿಂಬೆ ಹಿಂಡಿದ್ದೀವಿ, ಜೊತೆಗೆ ಸಾರಾಯಿ ಕುಡಿದರೆ ಏನೂ ಆಗಲ್ಲ ಅಂತ ಯಾರಾದರೂ ಹೇಳಿದರೆ ನಗುತ್ತಾ ತಟ್ಟೆ ಪಕ್ಕಕ್ಕೆ ಸರಿಸಿ.

ಏಳು: ಜ್ವರ ಬಂದರೆ ಹೇಳಬೇಕಾದ ಒಂದು ವಾಕ್ಯ

ಹಂದಿ ಮುಟ್ಟಿದ ಕೆಲವೇ ಗಂಟೆಗಳಿಂದ ಹಿಡಿದು ಎರಡು ವಾರದೊಳಗೆ ಯಾವಾಗ ಬೇಕಾದರೂ ಇದು ಶುರುವಾಗಬಹುದು. ಹೆಚ್ಚಿನವರಿಗೆ ಮೊದಲ ಕೆಲವು ದಿನಗಳಲ್ಲೇ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಅಂದದ್ದು ಇದಕ್ಕೇ. ಹದಿನಾಲ್ಕು ದಿನ ಆದಮೇಲೆ ಆ ಗುರುತು ಮರೆಯಬಹುದು.

ಚಳಿ ಜ್ವರ, ವಾಂತಿ, ತಡೆಯಲಾಗದ ತಲೆನೋವು. ಕತ್ತು ಸೆಟೆದುಕೊಳ್ಳುತ್ತದೆ. ಮಲಗಿದವರಿಗೆ ಗಲ್ಲವನ್ನು ಎದೆಗೆ ತಾಗಿಸಿ ಅಂದರೆ ಆಗುವುದಿಲ್ಲ. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಾತು ಅಡ್ಡಾದಿಡ್ಡಿ ಆಗುತ್ತದೆ. ಇದಿಷ್ಟು ಯಾವ ಮೆನಿಂಜೈಟಿಸ್‌ನಲ್ಲೂ ಬರಬಹುದು. ಆದರೆ ಈ ಕಾಯಿಲೆ ಕಿವಿಯ ಕಡೆಯಿಂದ ಮೊದಲೇ ಸುಳಿವು ಕೊಡುತ್ತದೆ. ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಫೋನ್ ಬಲಗಿವಿಯಿಂದ ಎಡಗಿವಿಗೆ, ಮತ್ತೆ ಬಲಗಿವಿಗೆ ಬದಲಾಯಿಸುತ್ತಾರೆ. ಪಕ್ಕದಲ್ಲೇ ನಿಂತು ಮಾತಾಡಿಸಿದರೂ 'ಆಂ?' ಅನ್ನುತ್ತಾರೆ. ಬಚ್ಚಲಿಗೆ ಹೋಗುವಾಗ ಕುಡಿದವರ ಹಾಗೆ ಗೋಡೆ ಹಿಡಿಯುತ್ತಾರೆ. ಮನೆಯವರು ಇದನ್ನು 'ಜ್ವರದ ಮಂಪರು' ಅಂತ ತಳ್ಳಿಹಾಕುವುದೇ ಜಾಸ್ತಿ. ಕಿವಿಯ ಹತ್ತಿರ ಎರಡು ಬೆರಳು ಉಜ್ಜಿ ಕೇಳುತ್ತದಾ ಅಂತ ನೋಡಿ. ಒಂದೊಂದು ಕಿವಿಗೂ ಬೇರೆ ಬೇರೆ.

ಕೆಲವರಿಗೆ ಮೆನಿಂಜೈಟಿಸ್ ಆಗದೆ ನೇರ ರಕ್ತಕ್ಕೇ ನಂಜೇರುತ್ತದೆ. ಕೈಕಾಲು ತಣ್ಣಗಾಗಿ, ಮೈಮೇಲೆ ನೇರಳೆ ಚುಕ್ಕೆಗಳೇಳುತ್ತವೆ. ಗಾಜಿನ ಲೋಟ ಒತ್ತಿದರೆ ಆ ಚುಕ್ಕೆ ಮಾಯವಾಗುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಭಾಗ ನೋಡಿ. ಇದು ಇನ್ನೂ ಬೇಗ ಜೀವ ತೆಗೆಯುತ್ತದೆ. ಸಿಚುವಾನ್‌ನಲ್ಲಿ ಸತ್ತವರಲ್ಲಿ ಹೆಚ್ಚಿನವರಿಗೆ ಆದದ್ದು ಹೀಗೆ.

ಇಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಮೆಡಿಕಲ್ ಶಾಪಿನಿಂದ ಎರಡು ಆಂಟಿಬಯಾಟಿಕ್ ಮಾತ್ರೆ ನುಂಗಿಸಿ ನೋಡೋಣ ಅನ್ನುವುದು ಬೇಡವೇ ಬೇಡ. ಅದು ಕಾಯಿಲೆಯನ್ನು ವಾಸಿ ಮಾಡಲ್ಲ, ಆಸ್ಪತ್ರೆಯ ಪರೀಕ್ಷೆಯನ್ನು ಮಾತ್ರ ಹಾಳು ಮಾಡುತ್ತದೆ. ಈಗಾಗಲೇ ನುಂಗಿಸಿದ್ದರೆ ಅದನ್ನು ಮುಚ್ಚಿಡಬೇಡಿ, ಮಾತ್ರೆಯ ಪಟ್ಟಿ ಜೊತೆಗೆ ತೆಗೆದುಕೊಂಡು ಹೋಗಿ.

ಆಸ್ಪತ್ರೆಯಲ್ಲಿ ಮೊದಲು ಸಿಗುವ ಡಾಕ್ಟರಿಗೆ ಹೀಗೆ ಹೇಳಿ: "ಸರ್, ಇವರು ಐದು ದಿನದ ಹಿಂದೆ ಹಂದಿ ಕಡಿದಿದ್ದರು, ಕೈಗೆ ಗಾಯ ಆಗಿತ್ತು. ಈಗ ಜ್ವರ, ತಲೆನೋವು, ಕಿವಿ ಕೇಳುತ್ತಿಲ್ಲ."

ಅಷ್ಟೇ. ಆದರೆ ಇದನ್ನು ಹೇಳುವವರೇ ಕಡಿಮೆ. ಕೆಲವರಿಗೆ ಹಂದಿಗೂ ತಲೆನೋವಿಗೂ ಸಂಬಂಧ ಇದೆ ಅಂತ ಗೊತ್ತಿರಲ್ಲ. ಕೆಲವರಿಗೆ ಹಂದಿ ಕೆಲಸ ಮಾಡುತ್ತೇವೆ ಅಂತ ಬಿಳಿ ಕೋಟಿನವರ ಮುಂದೆ ಹೇಳಲು ಸಂಕೋಚ. ನಮ್ಮ ಸಮಾಜ ಆ ಸಂಕೋಚವನ್ನು ಯಾರ ಮೇಲೆ, ಯಾಕೆ ಹೇರಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ ಅದನ್ನು ಪಕ್ಕಕ್ಕಿಡಿ. ಯಾಕೆಂದರೆ ಲ್ಯಾಬಿನಲ್ಲಿ ಈ ಬ್ಯಾಕ್ಟೀರಿಯಾ ತನ್ನ ಅಣ್ಣತಮ್ಮಂದಿರ ಹಾಗೇ ಕಾಣುತ್ತದೆ. ನ್ಯುಮೋನಿಯಾ ತರುವ ಸ್ಟ್ರೆಪ್ಟೋಕಾಕಸ್ ಅಂತಲೋ, ಬಾಯಲ್ಲಿರುವ ಸಾಧು ಜಾತಿ ಅಂತಲೋ ತಪ್ಪು ಹೆಸರು ಬರೆದುಬಿಡುವುದುಂಟು. 'ಹಂದಿ' ಅನ್ನುವ ಮಾತು ಕಿವಿಗೆ ಬಿದ್ದರೆ ಲ್ಯಾಬಿನವರು ಎರಡನೇ ಸಲ ನೋಡುತ್ತಾರೆ.

ಎಂಟು: ಆಸ್ಪತ್ರೆಯಲ್ಲಿ

ಬೆನ್ನಿನಿಂದ ನೀರು ತೆಗೆಯಬೇಕು ಅನ್ನುತ್ತಾರೆ. ಇಲ್ಲಿ ಮನೆಯವರು ಹೆದರಿ ಬೇಡ ಅನ್ನುವುದು ಜಾಸ್ತಿ. ಬೆನ್ನು ಬಿದ್ದುಹೋಗುತ್ತದೆ, ಲಕ್ವ ಹೊಡೆಯುತ್ತದೆ ಅಂತ ಊರಲ್ಲಿ ಮಾತಿದೆ. ಸೂಜಿ ಹಾಕುವುದು ಸೊಂಟದ ಹತ್ತಿರ, ಬೆನ್ನುಹುರಿ ಮುಗಿದ ಮೇಲಿನ ಜಾಗದಲ್ಲಿ. ಆಮೇಲೆ ಒಂದೆರಡು ದಿನ ತಲೆನೋವು ಬರಬಹುದು. ಆ ನೀರು ನೋಡದೆ ಯಾವ ಮೆನಿಂಜೈಟಿಸ್ ಅಂತ ಹೇಳಲು ಆಗುವುದಿಲ್ಲ. ಒಪ್ಪಿಗೆ ಕೊಡಿ.

ರಿಪೋರ್ಟ್ ಬರುವವರೆಗೆ ಔಷಧಿ ನಿಲ್ಲಿಸಿ ಕೂರುವುದಿಲ್ಲ. ಆಂಟಿಬಯಾಟಿಕ್ ತಕ್ಷಣ ಶುರು ಮಾಡುತ್ತಾರೆ. ಸೆಫ್ಟ್ರಿಯಾಕ್ಸೋನ್, ಪೆನಿಸಿಲಿನ್ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಜೊತೆಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಡುತ್ತಾರೆ. ವಿಯೆಟ್ನಾಂನ ಹೋ ಚಿ ಮಿನ್ ನಗರದಲ್ಲಿ ಈ ಕಾಯಿಲೆಯ 151 ರೋಗಿಗಳನ್ನು ಗಮನಿಸಿದ ವೈದ್ಯರಿಗೆ ಈ ಔಷಧಿ ಕಿವಿ ಉಳಿಸಲು ನೆರವಾಗುತ್ತದೆ ಅಂತ ಕಂಡಿತು. ಅಲ್ಲಿ ಸತ್ತವರು ನೂರಕ್ಕೆ ಮೂವರಿಗಿಂತ ಕಡಿಮೆ, ಆದರೆ ಮೂವರಲ್ಲಿ ಇಬ್ಬರಿಗೆ ಒಂದಿಷ್ಟಾದರೂ ಕಿವಿ ಮಂದವಾಗಿತ್ತು. ಸ್ಟೀರಾಯ್ಡ್ ಅಂದ ಕೂಡಲೇ ಬೇಡ ಅಂತ ಹಟ ಮಾಡಬೇಡಿ. ಹಾಗಂತ ಮನೆಯಲ್ಲಿ ನೀವೇ ತಂದು ನುಂಗುವ ಔಷಧಿಯೂ ಅದಲ್ಲ.

ಎರಡು ವಾರದ ಇಂಜೆಕ್ಷನ್ ಅಂದರೆ ಎರಡು ವಾರ. ನಾಲ್ಕನೇ ದಿನಕ್ಕೆ ಜ್ವರ ಬಿಟ್ಟು ಗಂಜಿ ಕುಡಿಯುತ್ತಾರೆ, ಬಿಲ್ಲು ಏರುತ್ತಿರುತ್ತದೆ, ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗೋಣ ಅನ್ನಿಸುತ್ತದೆ. ಈ ಕಾಯಿಲೆ ಕೆಲವರಿಗೆ ಮರುಕಳಿಸುತ್ತದೆ, ಆಗ ಇನ್ನೂ ಉದ್ದ ಚಿಕಿತ್ಸೆ ಬೇಕಾಗುತ್ತದೆ.

ಈ ಮಧ್ಯೆ ಮನೆಯವರು ಮಾಡಬೇಕಾದ ಒಂದು ಕೆಲಸ ಇದೆ. ಆವತ್ತು ಜೊತೆಯಲ್ಲಿ ಹಂದಿ ಕಡಿದವರು, ತೊಳೆದವರು, ಹಸಿ ಮಾಂಸ ಪಾಲು ತೆಗೆದುಕೊಂಡು ಹೋದವರು ಎಲ್ಲರಿಗೂ ಫೋನ್ ಮಾಡಿ. ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಲು ಹೇಳಿ. ರೋಗಿಯನ್ನು ನೋಡಿಕೊಳ್ಳುವವರಿಗೆ ಅಂಟಿಕೊಳ್ಳುತ್ತದೆ ಅಂತ ಹೆದರಿ ದೂರ ನಿಲ್ಲಬೇಕಾಗಿಲ್ಲ.

ಒಂಬತ್ತು: ಮನೆಗೆ ಬಂದ ಮೇಲೆ ಕಿವಿ

ಡಿಸ್ಚಾರ್ಜ್ ಆಗುವ ಮುಂಚೆಯೇ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ ಮಾಡಿಸಿ. 'ಸ್ವಲ್ಪ ದಿನ ಹೋಗಲಿ, ಸರಿಹೋಗುತ್ತದೆ' ಅಂತ ಆರು ತಿಂಗಳು ಕಾಯುವುದು ದೊಡ್ಡ ತಪ್ಪು. ಮೆನಿಂಜೈಟಿಸ್ ಆದಮೇಲೆ ಒಳಕಿವಿಯ ಶಂಖದಂಥ ಭಾಗದಲ್ಲಿ ಮೂಳೆ ಬೆಳೆದು ಮುಚ್ಚಿಕೊಳ್ಳಬಹುದು. ಎರಡೂ ಕಿವಿ ಪೂರ್ತಿ ಹೋದವರಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಆ ಭಾಗದಲ್ಲಿ ಕೂರಿಸುವ ಸಾಧನ) ಅಂತ ಒಂದು ದಾರಿ ಇದೆ. ಆದರೆ ಮೂಳೆ ಮುಚ್ಚಿಕೊಂಡರೆ ಅದನ್ನು ಕೂರಿಸುವುದು ಕಷ್ಟ. ಅದಕ್ಕೇ ಆಸ್ಪತ್ರೆಯಿಂದ ಬಂದ ಕೆಲವೇ ವಾರಗಳಲ್ಲಿ ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡು ಸ್ಕ್ಯಾನ್ ಬೇಕಾ ಅಂತ ಕೇಳಿ. ಸ್ವಲ್ಪ ಕೇಳುವವರಿಗೆ ಶ್ರವಣ ಸಾಧನ ಸಾಕಾಗಬಹುದು. ಶಾಶ್ವತವಾಗಿ ಕೇಳದವರು ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.

ತೂರಾಟ ತಿಂಗಳುಗಟ್ಟಲೆ ಇರುತ್ತದೆ. ಹಗಲಲ್ಲಿ ಕಣ್ಣಿನ ಸಹಾಯದಿಂದ ನಡೆದಾಡುತ್ತಾರೆ, ಕತ್ತಲಾದರೆ ಬೀಳುತ್ತಾರೆ. ಬಚ್ಚಲಿನ ದಾರಿಗೆ ರಾತ್ರಿಯೂ ಒಂದು ಲೈಟ್ ಉರಿಯಲಿ, ಮೆಟ್ಟಿಲಿಗೆ ಹಿಡಿಕೆ ಇರಲಿ. ಬೈಕ್ ಸದ್ಯಕ್ಕೆ ಬೇಡ, ಮರ ಹತ್ತುವುದಂತೂ ಬೇಡವೇ ಬೇಡ. ಬ್ಯಾಲೆನ್ಸ್‌ಗೆ ಫಿಸಿಯೋಥೆರಪಿ ವ್ಯಾಯಾಮಗಳಿವೆ, ಕೇಳಿ ಕಲಿತುಕೊಳ್ಳಿ. ಮನೆಯವರು ಮಾತಾಡುವಾಗ ಹಿಂದಿನಿಂದ ಕೂಗಬೇಡಿ. ಎದುರಿಗೆ ಬಂದು, ಬೆಳಕಿಗೆ ಮುಖ ಕೊಟ್ಟು, ನಿಧಾನವಾಗಿ ಹೇಳಿ. ಅವರು ತುಟಿ ನೋಡಿ ತಿಳಿದುಕೊಳ್ಳಲು ಕಲಿಯುತ್ತಿರುತ್ತಾರೆ.